ಶುರುವಿನ ಫೈಲು, ಇಪ್ಪತ್ತೆರಡು ಸಾಲು

ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದವಳು ಬೈಯಪ್ಪನಹಳ್ಳಿ ಬರೋಷ್ಟರಲ್ಲಿ "ಸಿಕ್ತು!" ಅಂತ ಕಿರುಚಿಬಿಟ್ಟೆ. ಮೆಲ್ಲಗೆ ಅಲ್ಲ, ಕೊನೇ ಬೆಂಚಿಗೆ ಕೇಳೋ ಹಾಗೆ ಪಾಠ ಮಾಡಿ ಮಾಡಿ ಪಳಗಿದ ಗಂಟಲಲ್ಲಿ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಬೆಚ್ಚಿಬಿದ್ದು, "ಏನ್ರೀ, ಪರ್ಸಾ?" ಅಂದರು. "ಪರ್ಸಲ್ಲ ರೀ, ಒಂದು ಸಾಲು ಸಿಕ್ತು, ಒಂದೇ ಒಂದು ಸಾಲು!" ಅಂದೆ. ಅವರು ತಮ್ಮ ಬ್ಯಾಗನ್ನ ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಆಚೆ ಸರಿದರು. ಸರಿಯಲಿ ಬಿಡಿ. ಎರಡು ವಾರದಿಂದ ಆ ಸಾಲಿಗಾಗಿ ಒದ್ದಾಡ್ತಿದ್ದೆ. ಮೊಬೈಲಲ್ಲಿ ಒಂದು ಗಣಿತದ ಸಾಫ್ಟ್‌ವೇರಿನ ಕೈಪಿಡಿ ತೆರೆದುಕೊಂಡು ಕಾಲೇಜಿಗೆ ಹೋಗ್ತಾ ಹತ್ತು ಪುಟ, ಬರ್ತಾ ಹತ್ತು ಪುಟ ಓದ್ತಿದ್ದೆ. ಆವತ್ತು ಖುಷಿಯಲ್ಲಿ ಹಲಸೂರಿನಲ್ಲಿ ಇಳಿಯೋದೇ ಮರೆತು ಟ್ರಿನಿಟಿವರೆಗೆ ಹೋಗಿ ವಾಪಸ್ ಬಂದೆ.

ನಾನು ಹಲಸೂರಿನಿಂದ ಶಿವಾಜಿನಗರದ ಕಡೆ ಹೋಗೋ ದಾರಿಯಲ್ಲಿರೋ ಒಂದು ಡಿಗ್ರಿ ಕಾಲೇಜಲ್ಲಿ ಗಣಿತ ಹೇಳ್ಕೊಡ್ತೀನಿ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಬೆಳೆದದ್ದು ಸ್ಟಾಫ್ ಕಾಲೋನಿಯಲ್ಲಿ. ಅಲ್ಲಿ ಶಿಫ್ಟಿನ ಸೈರನ್ ಕೂಗೋವಾಗಲೂ ಮಾತು ನಿಲ್ಲಿಸದೆ ಅದರ ಮೇಲೆ ಮಾತಾಡಿ ಅಭ್ಯಾಸವಾದ ಮನೆ ನಮ್ಮದು. ಕೋಪ ಬೇಗ ಬರುತ್ತೆ, ಬೇಗ ಇಳಿಯುತ್ತೆ. ಸ್ಟಾಫ್ ರೂಮಲ್ಲಿ ನನ್ನ ಬೆನ್ನ ಹಿಂದೆ "ಕುಕ್ಕರ್" ಅಂತಾರೆ. ಗೊತ್ತಿಲ್ಲದ ಹಾಗೆ ಇರ್ತೀನಿ.

ಈಗ ಗಣಿತಕ್ಕೂ ಪ್ರಾಕ್ಟಿಕಲ್ ಇದೆ. ನನ್ನ ಕಾಲದಲ್ಲಿ ಪೆನ್ನು ಪೇಪರ್ ಬಿಟ್ಟರೆ ಏನಿತ್ತು? ಈಗ ಹುಡುಗರು ಕಂಪ್ಯೂಟರ್ ಮುಂದೆ ಕೂತು, ಸಮೀಕರಣ ಟೈಪ್ ಮಾಡಿ, ಸಾಫ್ಟ್‌ವೇರಿಂದ ಉತ್ತರ ತೆಗೆದು, ಸರಿಯೋ ತಪ್ಪೋ ಅಂತ ತಾವೇ ನೋಡಿ ಹೇಳ್ಬೇಕು. ಕಡೆಯಲ್ಲಿ ಹೊರಗಿನ ಕಾಲೇಜಿಂದ ಪರೀಕ್ಷಕರು ಬರ್ತಾರೆ. ಆ ವರ್ಷ ಎರಡನೇ ಬಿ.ಎಸ್ಸಿ.ಯಲ್ಲಿ ಹದಿನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬ ಹುಡುಗಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣಲ್ಲ.

ಅವಳ ಮನೆ ಟಿನ್ ಫ್ಯಾಕ್ಟರಿ ಹತ್ತಿರ, ಮನೆಯವರು ಗದಗದ ಕಡೆಯವರು. ಕಾಲೇಜಲ್ಲಿ ಅಪ್ಪಟ ಬೆಂಗಳೂರಿನ ಮಾತು. ಸಿಟ್ಟು ಬಂದಾಗ ಮಾತ್ರ ಗದಗ ಹೊರಗೆ ಬರೋದು. ಗಣಿತದಲ್ಲಿ ಅವಳ ತಲೆ ಓಡೋದನ್ನ ನೋಡಿದ್ರೆ ನನಗೇ ಹೊಟ್ಟೆಕಿಚ್ಚಾಗೋದು. ನಾನು ಬೋರ್ಡ್ ತುಂಬ ಬರೆದು, ಅಳಿಸಿ, ಮತ್ತೆ ಬರೆಯೋ ಹೊತ್ತಿಗೆ ಅವಳು ಬೆಂಚಿನ ಮೇಲೆ ಬೆರಳಾಡಿಸ್ತಾ ಉತ್ತರ ಹೇಳಿ, "ಮೇಡಂ, ಎರಡನೇ ಸ್ಟೆಪ್ಪಲ್ಲಿ ಮೈನಸ್ ಬಿಟ್ರಿ ಅನ್ಸುತ್ತೆ" ಅನ್ನೋಳು. ಬಿಟ್ಟಿರ್ತಿದ್ದೆ.

ಅಂಥವಳು ಮೊದಲ ವರ್ಷದ ಪ್ರಾಕ್ಟಿಕಲ್ಲಲ್ಲಿ ಕಮ್ಮಿ ಅಂಕ ತಗೊಂಡಿದ್ದಳು. ಅವಳ ಬದಲು ಟೈಪ್ ಮಾಡೋಕೆ ಬರಹಗಾರರು ಅಂತ ಒಬ್ಬರನ್ನ ಕೂರಿಸ್ತಾರೆ. ಆ ಬರಹಗಾರರು ಗಣಿತ ಓದಿದವರಾಗಿರಬಾರದು, ಅದು ನಿಯಮ. "ಬ್ರಾಕೆಟ್ ಹಾಕಿದ್ಯಾ ಅಂತ ಮೂರು ಸಲ ಕೇಳಿದೆ ಮೇಡಂ. ಹಾಕಿದೀನಿ ಅಕ್ಕ ಅಂದ್ಳು. ಹಾಕಿರ್ಲಿಲ್ಲ. ಉತ್ತರ ತಪ್ಪು ಬಂದಿದ್ದೂ ಅವಳಿಗೆ ಗೊತ್ತಾಗ್ಲಿಲ್ಲ, ನನಗೆ ಯಾರೂ ಹೇಳ್ಲಿಲ್ಲ." ಇಷ್ಟು ಬೆಂಗಳೂರಿನ ಕನ್ನಡದಲ್ಲಿ ಹೇಳಿದವಳು ಆಮೇಲೆ ಗದಗಕ್ಕೆ ಹೋದಳು. "ಲೆಕ್ಕ ನಂದು, ಕೈ ಮಂದೀದು. ಹೆಂಗ ನಡೀತದ್ರಿ ಮೇಡಂ ಇದು? ಈ ಸಲ ನಂಗ ಯಾರೂ ಬ್ಯಾಡ. ನಾನs ಟೈಪ್ ಮಾಡಾಕಿ."

ಸರಿ, ಮಾಡು ಅಂದೆ. ಅವಳಿಗೆ ಟೈಪಿಂಗ್ ನನಗಿಂತ ಚೆನ್ನಾಗಿ ಬರುತ್ತೆ. ಪರದೆ ಮೇಲಿರೋದನ್ನ ಜೋರಾಗಿ ಓದಿ ಹೇಳೋ ತಂತ್ರಾಂಶ ನಮ್ಮ ಲ್ಯಾಬಿನ ಎಲ್ಲಾ ಕಂಪ್ಯೂಟರಲ್ಲೂ ಇದೆ. ಹೆಡ್‌ಫೋನ್ ಹಾಕ್ಕೊಂಡಳು, ಭಿನ್ನರಾಶಿಯ ಒಂದು ಲೆಕ್ಕ ಟೈಪ್ ಮಾಡಿದಳು, ಎಂಟರ್ ಒತ್ತಿದಳು. ಮುಖ ಹುಳ್ಳಗಾಯ್ತು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು. ಕೇಳಿಸಿಕೊಂಡೆ. "ಎಕ್ಸ್, ಪ್ಲಸ್, ಒನ್. ಡ್ಯಾಶ್ ಡ್ಯಾಶ್ ಡ್ಯಾಶ್ ಡ್ಯಾಶ್ ಡ್ಯಾಶ್. ಟೂ." ಆ ಸಾಫ್ಟ್‌ವೇರ್ ಭಿನ್ನರಾಶಿಯನ್ನ ನಾವು ಪುಸ್ತಕದಲ್ಲಿ ಬರೆಯೋ ಹಾಗೇ ಚಂದವಾಗಿ ಮೂರು ಸಾಲಲ್ಲಿ ಬಿಡಿಸುತ್ತೆ: ಮೇಲೊಂದು, ನಡುವೆ ಗೀಟು, ಕೆಳಗೊಂದು. ಕಣ್ಣಿಗೆ ಚಂದ, ಕಿವಿಗೆ ನರಕ. ಘಾತ ಇದ್ದರೆ ಅದು ಮೇಲಿನ ಸಾಲಲ್ಲಿ ಒಂಟಿಯಾಗಿ ನೇತಾಡ್ತಿರುತ್ತೆ. ಯಾವುದರ ಘಾತ ಅಂತ ಅದನ್ನ ಕೇಳಿದವರಿಗೆ ಹೇಗೆ ಗೊತ್ತಾಗ್ಬೇಕು?

ಆವತ್ತಿಂದಲೇ ನಾನು ಕೈಪಿಡಿ ಓದೋಕೆ ಶುರು ಮಾಡಿದ್ದು. ಮೆಟ್ರೋದಲ್ಲಿ ಸಿಕ್ಕಿದ ಆ ಸಾಲು ಸಾಫ್ಟ್‌ವೇರಿಗೆ ಹೇಳೋದು ಇಷ್ಟೇ: ಚಿತ್ರ ಬಿಡಿಸ್ಬೇಡ, ಉತ್ತರ ಏನಿದ್ರೂ ಒಂದೇ ಸಾಲಲ್ಲಿ ಕೊಡು. ಕಾಲೇಜಿಗೆ ಹೋದವಳು ಚಪ್ಪಲಿ ಕೂಡ ಬಿಡದೆ ಲ್ಯಾಬಿಗೆ ನುಗ್ಗಿದೆ. ಅವಳು ಟೈಪ್ ಮಾಡಿದಳು. ಎಂಟರ್. ಕಿವಿಗೊಟ್ಟು ಕೇಳಿದಳು. ಆಮೇಲೆ ಮೇಜು ಕುಟ್ಟಿ, "ಮೇಡಂ! ಬ್ರಾಕೆಟ್ ಓದ್ತಿದೆ! ಭಾಗಿಸು ಚಿಹ್ನೆ ಓದ್ತಿದೆ! ಪೂರ್ತಿ ಬಂತು ಮೇಡಂ!" ಅಂತ ಕೂಗಿದಳು. ಇಬ್ಬರೂ ಸೇರಿ ಲ್ಯಾಬನ್ನ ಮೀನಿನ ಮಾರ್ಕೆಟ್ ಮಾಡಿಬಿಟ್ವಿ. ಪಕ್ಕದ ಕ್ಲಾಸಿಂದ ವಿಭಾಗದ ಮುಖ್ಯಸ್ಥರು ಎದ್ದು ಬಂದು ಏನಾಯ್ತು ಅಂತ ಕೇಳಿದರು. ಅಲ್ಲೇ, ಅದೇ ಬಿಸಿಯಲ್ಲಿ, ವಿಶ್ವವಿದ್ಯಾಲಯಕ್ಕೆ ಕಳಿಸೋ ಪತ್ರದಲ್ಲಿ "ಈ ವಿದ್ಯಾರ್ಥಿನಿಗೆ ಬರಹಗಾರರ ಅಗತ್ಯವಿಲ್ಲ" ಅಂತ ಬರೆದು ಸಹಿ ಮಾಡಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಮೇಡಂ, ಯೋಚನೆ ಮಾಡಿ. ಈಗ ಬೇಡ ಅಂದ್ರೆ ಆ ದಿನ ಏನಾದ್ರೂ ಆದ್ರೆ ಬರಹಗಾರರು ಸಿಗಲ್ಲ. ಸೊನ್ನೆ ಹಾಕಿ ಹೋಗ್ತಾರೆ." ಏನೂ ಆಗಲ್ಲ ಸರ್ ಅಂದೆ. ನನ್ನ ಬಾಯಿಗೆ ಬೀಗ ಇಲ್ಲ.

ಆದರೆ ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಅದಕ್ಕೆ ಎಲ್ಲಾ ಮರೆತು ಹೋಗುತ್ತೆ. ಮತ್ತೆ ಗೀಟು, ಮತ್ತೆ ಡ್ಯಾಶ್ ಡ್ಯಾಶ್. ಪರೀಕ್ಷೆಯ ಗಡಿಬಿಡಿಯಲ್ಲಿ ಅದು ನಡುವೆ ನಿಂತು ಮತ್ತೆ ಶುರುವಾದರೆ? ಅದಕ್ಕೂ ಕೈಪಿಡಿಯಲ್ಲಿ ಉತ್ತರ ಇತ್ತು. ಸಾಫ್ಟ್‌ವೇರ್ ಪ್ರತಿ ಸಲ ಏಳ್ತಿದ್ದ ಹಾಗೇ ಮೊದಲು ಓದೋ ಒಂದು ಫೈಲ್ ಇರುತ್ತೆ. ಅದನ್ನ ನಾವೇ ಬರೆದಿಡ್ಬೇಕು. ಅಡುಗೆಮನೆ ಗೋಡೆಗೆ "ಅತ್ತೆಗೆ ಸಕ್ಕರೆ ಇಲ್ಲದ ಕಾಫಿ" ಅಂತ ಚೀಟಿ ಅಂಟಿಸಿದ ಹಾಗೆ; ಯಾರು ಬಂದು ಒಲೆ ಹಚ್ಚಿದ್ರೂ ಅದನ್ನ ಓದ್ಕೊಂಡೇ ಶುರು ಮಾಡ್ಬೇಕು. ನಾವು ಅದಕ್ಕೆ ಶುರುವಿನ ಫೈಲು ಅಂತ ಹೆಸರಿಟ್ವಿ.

ಚೀಟಿ ಒಂದೇ ಅಡುಗೆಮನೆಗೆ ಆಗಿದ್ದರೆ ಅರ್ಧ ಗಂಟೆ ಕೆಲಸ. ನಮ್ಮ ಲ್ಯಾಬಲ್ಲಿ ಹದಿನೈದು ಕಂಪ್ಯೂಟರ್, ಮೂರು ಜಾತಿ. ಎಂಟು ವಿಂಡೋಸ್. ಐದು ಹಳೇ ಕಂಪ್ಯೂಟರ್, ಅವಕ್ಕೆ ವಿಂಡೋಸ್ ಭಾರ ಅಂತ ಲಿನಕ್ಸ್ ಹಾಕಿದ್ರು. ಇನ್ನೆರಡು ಮ್ಯಾಕ್, ಇಂದಿರಾನಗರದ ಬಂಗಲೆಯೊಂದರಲ್ಲಿದ್ದ ಆಫೀಸು ಖಾಲಿ ಮಾಡೋವಾಗ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಕೊಡಿಸಿದ್ದು. ಯಾವ ಕಂಪ್ಯೂಟರ್ ಯಾರಿಗೆ ಅಂತ ಹೊರಗಿನ ಪರೀಕ್ಷಕರು ಆ ದಿನ ಬೆಳಿಗ್ಗೆ ಬಂದು ತೀರ್ಮಾನ ಮಾಡ್ತಾರೆ. ನಾವು ಮೊದಲೇ ಹೇಳೋ ಹಾಗಿಲ್ಲ. ಅಂದ್ರೆ ಹದಿನೈದರಲ್ಲೂ ಫೈಲ್ ಇರ್ಬೇಕು. ಲ್ಯಾಬಿಗೆ ಇಂಟರ್ನೆಟ್ ಇಲ್ಲ. ಒಮ್ಮೆ ವೈರಸ್ ಬಂದಿದ್ದಕ್ಕೆ ಪೆನ್ ಡ್ರೈವ್ ಕೂಡ ಬಂದ್. ಒಂದೊಂದರಲ್ಲೂ ಕೈಯಲ್ಲೇ ಟೈಪ್ ಮಾಡ್ಬೇಕು.

ಫೈಲ್ ಎಲ್ಲಿಡ್ಬೇಕು ಅನ್ನೋದು ಮೂರು ಜಾತಿಗೂ ಬೇರೆ ಬೇರೆ. ಲಿನಕ್ಸಲ್ಲಿ ಹೆಸರಿನ ಮುಂದೆ ಚುಕ್ಕಿ ಇರೋ ಫೋಲ್ಡರಲ್ಲಿ, ಅದು ಸುಮ್ಮನೆ ನೋಡಿದ್ರೆ ಕಾಣಿಸಲ್ಲ. "ಎಲ್ಲಿ ಬಚ್ಚಿಟ್ಟಿದಾರೋ ಕಾಣದ ಫೋಲ್ಡರನ್ನ!" ಅಂತ ನಾನು ಬೈಕೊಳ್ತಿದ್ದರೆ ಅವಳು ನಗ್ತಾ, "ನನಗೆ ಎಲ್ಲಾ ಫೋಲ್ಡರೂ ಹಾಗೇ ಅಲ್ವಾ ಮೇಡಂ" ಅಂದಳು. ಕಡೆಗೆ ಸಾಫ್ಟ್‌ವೇರನ್ನೇ ಕೇಳಿದ್ರೆ ಅದೇ ತನ್ನ ಜಾಗ ಹೇಳುತ್ತೆ ಅಂತ ಕಂಡುಹಿಡಿದವಳೂ ಅವಳೇ. ವಿಂಡೋಸಲ್ಲಂತೂ ಸರಿಯಾದ ಜಾಗದಲ್ಲಿ ಸರಿಯಾದ ಫೈಲ್ ಇಟ್ಟೂ ಕೆಲಸ ಮಾಡದೆ ಎರಡು ದಿನ ತಲೆ ಚಚ್ಚಿಕೊಂಡೆ. ಅವಳು ಕಪ್ಪು ಪರದೆಯ ಕಮಾಂಡ್ ತೆರೆದು ಫೋಲ್ಡರಲ್ಲಿ ಏನೇನಿದೆ ಅಂತ ಓದಿಸಿಕೊಂಡಳು. "ಮೇಡಂ, ನಿಮ್ಮ ಫೈಲಿಗೆ ಬಾಲ ಇದೆ. ಕೊನೇಲಿ ಡಾಟ್ ಟಿಎಕ್ಸ್‌ಟಿ ಅಂತಿದೆ." ನೋಟ್‌ಪ್ಯಾಡ್ ತಾನಾಗೇ ಸೇರಿಸಿದ್ದು, ವಿಂಡೋಸ್ ಅದನ್ನ ಮುಚ್ಚಿಟ್ಟು ತೋರಿಸ್ತಿತ್ತು. ಎರಡು ಕಣ್ಣು, ಅದರ ಮೇಲೊಂದು ಕನ್ನಡಕ ಇಟ್ಕೊಂಡು ನನಗೆ ಕಾಣಿಸಿರಲಿಲ್ಲ.

ಆಮೇಲೆ ನಮಗೆ ಹುಚ್ಚು ಹಿಡೀತು. ಒಂದು ಸಾಲು ಇದ್ದದ್ದು ಐದಾಯ್ತು, ಹತ್ತಾಯ್ತು. ಉದ್ದದ ಉತ್ತರ ನಡುವೆ ತುಂಡಾಗದ ಹಾಗೆ ಒಂದು ಸಾಲು. ಮ್ಯಾಟ್ರಿಕ್ಸ್ ಬಂದರೆ ಒಂದನೇ ಸಾಲು ಇದು, ಎರಡನೇ ಸಾಲು ಇದು ಅಂತ ಬಿಡಿಸಿ ಹೇಳೋಕೆ ಎಂಟು ಸಾಲು. ಅದನ್ನ ಬರೆದದ್ದು ಅವಳು. ಫೈಲ್ ಓದಿ ಆಯ್ತು ಅಂತ ಅವಳಿಗೆ ಗೊತ್ತಾಗೋಕೆ ಫೈಲಿನ ಕೊನೇ ಸಾಲಲ್ಲಿ ಒಂದು ಸಂದೇಶ ಬೇಕಿತ್ತು. "ಶುರು ಮಾಡು" ಅಂತ ಇಡೋಣ ಅಂದ್ವಿ. ಹಳೇ ಲಿನಕ್ಸಿಗೆ ಕನ್ನಡ ಓದೋಕೆ ಬರಲ್ಲ, ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ವಿ. ವಿಂಡೋಸ್ ಅದನ್ನ ಮೂಗಲ್ಲಿ ಹೇಳೋದು, ಲಿನಕ್ಸ್ ಗದರಿಸೋ ಹಾಗೆ ಹೇಳೋದು, ಮ್ಯಾಕ್ ಯಾರೋ ವಿದೇಶದಿಂದ ಬಂದ ಸೊಸೆ ಕನ್ನಡ ಕಲಿತು ಹೇಳಿದ ಹಾಗೆ "ಶೂರೂ ಮಾಡೂ" ಅನ್ನೋದು. ಪ್ರತಿ ಸಲ ಕೇಳಿದಾಗಲೂ ನಕ್ವಿ.

ಇಪ್ಪತ್ತೆರಡು ಸಾಲಿಗೆ ನಿಲ್ಲಿಸಿದ್ವಿ. ಹದಿನೈದು ಕಂಪ್ಯೂಟರಿಗೂ ಅವಳೇ ಟೈಪ್ ಮಾಡಿದಳು, ದಿನಕ್ಕೊಂದರ ಹಾಗೆ, ಊಟದ ಬಿಡುವಿನಲ್ಲಿ. ನಾನು ಟೈಪ್ ಮಾಡಿದ್ರೆ ತಪ್ಪು ಹೊಡೀತೀನಿ ಅಂತ ಮುಟ್ಟೋಕೆ ಬಿಡ್ಲಿಲ್ಲ. "ಒಂದು ಪ್ರಿಂಟ್ ತೆಗೆಸಿ ಇಟ್ಕೊಳ್ಳಿ ಮೇಡಂ" ಅಂತ ಎರಡು ಸಲ ಹೇಳಿದಳು. ಹ್ಞೂಂ ಅಂದೆ. ತೆಗೆಸಲಿಲ್ಲ. ಒಂದು ಫೋಟೋನಾದ್ರೂ ಹೊಡ್ಕೊಳ್ಳೋಕೆ ನನಗೇನಾಗಿತ್ತೋ!

ದಸರಾ ರಜೆ ಬಂತು. ರಜೆ ಮುಗಿದು ಎರಡನೇ ದಿನವೇ ಪ್ರಾಕ್ಟಿಕಲ್.

ನಮ್ಮ ಲ್ಯಾಬ್ ನೋಡಿಕೊಳ್ಳೋರು ಹಲಸೂರಿನವರೇ, ನಿವೃತ್ತಿಗೆ ಹತ್ತಿರ ಬಂದವರು, ಮನೆಯಲ್ಲಿ ತಮಿಳು, ಹೊರಗೆ ಕಂಟೋನ್ಮೆಂಟಿನ ಎಲ್ಲಾ ಭಾಷೆ. ಲ್ಯಾಬಲ್ಲಿ ಟೈಪ್‌ರೈಟರ್ ಇದ್ದ ಕಾಲದಿಂದ ಇದ್ದಾರೆ. ಆಯುಧಪೂಜೆ ಅಂದ್ರೆ ಅವರ ಹಬ್ಬ. ಹಿಂದಿನ ದಿನ ರಸೆಲ್ ಮಾರ್ಕೆಟ್ಟಿಂದ ಸೇವಂತಿಗೆ ಮಾರು ತಂದು, ಒಂದೊಂದು ಕಂಪ್ಯೂಟರಿಗೂ ಗಂಧ, ಅರಿಶಿನ, ಕುಂಕುಮ ಇಟ್ಟು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚ್ತಾರೆ. ವರ್ಷಾ ವರ್ಷಾ ನಾನು ಹೋಗಿ ಕೈ ಮುಗಿದು ಕಡ್ಲೆಪುರಿ ತಿಂದು ಬಂದಿದ್ದೀನಿ. ಪೂಜೆಗೆ ಮುಂಚೆ ಅವರು ಏನು ಮಾಡ್ತಾರೆ ಅಂತ ಒಂದು ದಿನಾನೂ ಕೇಳಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಕಡೇ ಅಭ್ಯಾಸಕ್ಕೆ ಅಂತ ಇಡೀ ಕ್ಲಾಸನ್ನ ಕರೆದಿದ್ದೆ. ಲ್ಯಾಬ್ ಫಳಫಳ ಹೊಳೀತಿತ್ತು. ಒಣಗಿದ ಹೂವು ಇನ್ನೂ ಮಾನಿಟರ್ ಮೇಲಿತ್ತು. ಅವಳು ಬಾಗಿಲ ಹತ್ತಿರದ ವಿಂಡೋಸ್ ಮುಂದೆ ಕೂತು ಹೆಡ್‌ಫೋನ್ ಹಾಕ್ಕೊಂಡಳು. ಸಾಫ್ಟ್‌ವೇರ್ ತೆರೆಯಿತು. ಅವಳು ಕಾದಳು. "ಮೇಡಂ, ಶುರು ಮಾಡು ಅನ್ನಲಿಲ್ಲ." ಒಂದು ಭಿನ್ನರಾಶಿ ಟೈಪ್ ಮಾಡಿದಳು. ಅವಳ ತುಟಿ ಅಲುಗೋದನ್ನ ನೋಡಿಯೇ ನನಗೆ ಗೊತ್ತಾಯ್ತು. ಡ್ಯಾಶ್ ಡ್ಯಾಶ್ ಡ್ಯಾಶ್.

ಪಕ್ಕದ ಕಂಪ್ಯೂಟರ್ ನೋಡಿದೆ, ಇಲ್ಲ. ಲಿನಕ್ಸ್ ನೋಡಿದೆ, ಆ ಚುಕ್ಕಿ ಫೋಲ್ಡರೇ ಇಲ್ಲ. ಮ್ಯಾಕ್ ನೋಡಿದೆ. ಅಲ್ಲೂ ಇಲ್ಲ. ಸಾಫ್ಟ್‌ವೇರ್ ಎಲ್ಲಾ ಇದ್ದಲ್ಲೇ ಇತ್ತು, ನಾವಿಟ್ಟ ಫೈಲ್ ಮಾತ್ರ ಹದಿನೈದರಲ್ಲಿ ಒಂದರಲ್ಲೂ ಇಲ್ಲ.

"ಯಾರು ಮುಟ್ಟಿದ್ದು ಇದನ್ನ?" ಅಂತ ಕಿರುಚಿದೆ. ಲ್ಯಾಬಿನವರು ಕೈ ಒರೆಸಿಕೊಳ್ತಾ ಬಂದರು. ನಗ್ತಾ ಬಂದರು, ಪಾಪ. "ನಾನೇ ಮೇಡಂ. ಪೂಜೆಗೆ ಮುಂಚೆ ಒಳಗೂ ಹೊರಗೂ ಕ್ಲೀನ್ ಮಾಡ್ಬೇಕಲ್ವಾ? ಟೈಪ್‌ರೈಟರ್ ಕಾಲದಲ್ಲಿ ಹಳೇ ರಿಬ್ಬನ್ ತೆಗೆದು ಹೊಸ ರಿಬ್ಬನ್ ಹಾಕ್ತಿದ್ದೆ. ಈಗ ಹುಡುಗ್ರು ಬಿಟ್ಟ ಕಸ ಎಲ್ಲಾ ತೆಗೆದು, ಅವರ ಲಾಗಿನ್ ಅಕೌಂಟೇ ಅಳಿಸಿ ಹೊಸದು ಮಾಡ್ತೀನಿ. ಪ್ರತಿ ವರ್ಷ ಮಾಡ್ತೀನಲ್ಲ ಮೇಡಂ. ಹಳೇ ಕಸ ಇಟ್ಕೊಂಡು ಹೆಂಗೆ ಕುಂಕುಮ ಇಡೋದು?"

ನನ್ನ ಮೈಯೆಲ್ಲ ಉರಿದುಹೋಯ್ತು. ಏನೇನಂದೆನೋ. ಕಸ ಅಂತೀರಲ್ಲ ರೀ, ಆ ಹುಡುಗಿ ಹದಿನೈದು ದಿನ ಊಟ ಬಿಟ್ಟು ಟೈಪ್ ಮಾಡಿದ್ದು ನಿಮಗೆ ಕಸಾನಾ ಅಂದೆ. ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ ಅಂದೆ. ಅವರು ತಡೆತಡೆದು, "ನೀವೇ ಹೋದ ವರ್ಷ ಹೇಳಿದ್ರಿ ಮೇಡಂ, ಹುಡುಗ್ರ ಹಳೇ ಫೈಲ್ ತುಂಬಿ ಕಂಪ್ಯೂಟರ್ ನಿಧಾನ ಆಗಿದೆ, ಎಲ್ಲಾ ತೆಗೆದುಬಿಡಿ ಅಂತ" ಅಂದರು. ಹೇಳಿದ್ದೆ. ಇದೇ ಜಾಗದಲ್ಲಿ ನಿಂತ್ಕೊಂಡು, ಇದೇ ಗಂಟಲಲ್ಲಿ ಹೇಳಿದ್ದೆ.

ಗಡಿಯಾರ ಎರಡೂಕಾಲು. ಐದಕ್ಕೆ ಪರೀಕ್ಷೆಗೆ ಅಂತ ಲ್ಯಾಬಿಗೆ ಬೀಗ ಹಾಕ್ತಾರೆ. ಬರಹಗಾರರು ಬೇಡ ಅಂತ ಸಹಿ ಹಾಕಿದವಳು ನಾನು. ಆ ಇಪ್ಪತ್ತೆರಡು ಸಾಲಲ್ಲಿ ನನಗೆ ನೆನಪಿದ್ದದ್ದು ಮೂರೋ ನಾಲ್ಕೋ. ನಾಳೆ ಇವಳಿಗೆ ಸೊನ್ನೆ, ನನ್ನ ಬಾಯಿಬಡುಕತನಕ್ಕೆ ಇವಳಿಗೆ ಸೊನ್ನೆ. ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಮೇಡಂ," ಅಂದಳು ಅವಳು. "ಪ್ರಿಂಟ್ ತೆಗೆಸಿಲ್ಲ ಅಲ್ವಾ?"

"ಇಲ್ಲ ಕಣೇ."

"ಗೊತ್ತಿತ್ತು." ಹೆಡ್‌ಫೋನ್ ತೆಗೆದಿಟ್ಟು, "ಬರಕೋರಿ" ಅಂದಳು. ಗದಗ ಹೊರಗೆ ಬಂದಿತ್ತು. "ಹದಿನೈದು ಸಲ ಹೊಡದೇನ್ರಿ ಅದನ್ನ. ಬಾಯಿಪಾಠ ಆಗೇತಿ. ಎಲ್ಲಾರೂ ಒಂದೊಂದು ಕಂಪ್ಯೂಟರ್ ಮುಂದ ಕೂಡ್ರಿ, ನಾ ಹೇಳ್ತೇನಿ."

ಅಯ್ಯೋ, ಆ ಮಧ್ಯಾಹ್ನ! ಉಳಿದ ಹದಿಮೂರು ಜನ ಹದಿಮೂರು ಕಂಪ್ಯೂಟರ್ ಮುಂದೆ. ಹದಿನಾಲ್ಕನೇದಕ್ಕೆ ನಾನು. ಮೂಲೆಯ ಲಿನಕ್ಸ್ ಒಂದು ಉಳೀತು. ಲ್ಯಾಬಿನವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. "ಬನ್ನಿ ರೀ, ಕೂತ್ಕೊಳ್ಳಿ" ಅಂದೆ. ದನಿ ಇನ್ನೂ ಒರಟಾಗೇ ಇತ್ತು. ಬಂದು ಕೂತು ತೋಳು ಮಡಚಿದರು. ಟೈಪಿಂಗ್ ಸೀನಿಯರ್ ಪಾಸು ಮಾಡಿದ ಕೈ ಅದು, ಮರೆತೇ ಬಿಟ್ಟಿದ್ದೆ.

ಅವಳು ನಡುವೆ ನಿಂತು ಹೇಳ್ತಾ ಹೋದಳು. ಒಂದು ಸಾಲು, ಆಮೇಲೆ ಅದರಲ್ಲಿ ಎಲ್ಲಿ ಬ್ರಾಕೆಟ್, ಎಲ್ಲಿ ಕೋಲನ್, ಎಲ್ಲಿ ಅಲ್ಪವಿರಾಮ. "ಆಯ್ತಾ?" ಅಂತ ಕೇಳೋಳು. ಹದಿಮೂರು ಗಂಟಲು "ಆಯ್ತು" ಅನ್ನೋದು. ಹಿಂದಿನ ಬೆಂಚಿನವರು "ನಿಲ್ಲು ಮಗಾ, ನಿಲ್ಲು, ಬ್ರಾಕೆಟ್ ಮುಚ್ಚಿಲ್ಲ" ಅನ್ನೋರು. ಅವಳು ತಿರುಗಿ, "ಗುರು, ಮುಚ್ಚು. ಅದೇ ಬ್ರಾಕೆಟ್ಟಿಗೇ ಹೋದ ವರ್ಷ ನನ್ನ ಅಂಕ ಹೋಗಿದ್ದು" ಅನ್ನೋಳು. ಎಲ್ಲಾ ಹೋ ಅಂತ ನಗೋರು. ಲ್ಯಾಬಿನವರು ಮಾತ್ರ ಅವಳು ಮಾತು ಮುಗಿಸೋಕೆ ಮುಂಚೆಯೇ ಟಕಟಕ ಹೊಡೆದು ಕೈ ಕಟ್ಟಿ ಕೂರೋರು. ಮ್ಯಾಟ್ರಿಕ್ಸಿನ ಎಂಟು ಸಾಲು ಬಂದಾಗ ಎಲ್ಲರೂ ನಗೋದು ಬಿಟ್ಟು ಕೀಲಿಮಣೆ ಮೇಲೆ ಬಗ್ಗಿದರು. ಅವಳು ಒಂದು ಕಡೆಯೂ ತಡವರಿಸಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ಇಂಥ ಪಾಠ ನಾನು ಮಾಡಿಲ್ಲ.

ನಾಲ್ಕೂವರೆಗೆ ಇಪ್ಪತ್ತೆರಡನೇ ಸಾಲು ಮುಗೀತು. ಯಾವ ಜಾತಿಗೆ ಯಾವ ಫೋಲ್ಡರ್ ಅಂತ ಅವಳೇ ಹೇಳಿ, ಬಾಲ ಇಲ್ಲದ ಹಾಗೆ ಎಲ್ಲರ ಕೈಲೂ ಸೇವ್ ಮಾಡಿಸಿದಳು. ಆಮೇಲೆ ತನ್ನ ಹೆಡ್‌ಫೋನ್ ತಗೊಂಡು, ಮೇಜಿನ ಅಂಚು ಸವರ್ತಾ, ಒಂದೊಂದು ಕಂಪ್ಯೂಟರಿಗೂ ಹೋಗಿ ಸಿಕ್ಕಿಸಿ, ಸಾಫ್ಟ್‌ವೇರ್ ತೆರೆದು ಕೇಳಿದಳು. "ಶುರು ಮಾಡು" ಕೇಳಿದಾಗೆಲ್ಲ ಬೆರಳೆತ್ತೋಳು, ಎಲ್ಲರೂ ಚಪ್ಪಾಳೆ. ಒಂದು, ಎರಡು, ಏಳು, ಹನ್ನೆರಡು. ಹದಿನಾಲ್ಕನೇದರ ಮುಂದೆ ಬೆರಳು ಏಳಲಿಲ್ಲ. ಹದಿನಾಲ್ಕನೇದು ನನ್ನದು. ಆರನೇ ಸಾಲಿನ ಕೊನೆಯಲ್ಲಿ ಒಂದು ಚಿಹ್ನೆ ಬಿಟ್ಟಿದ್ದೆ. "ಮೇಡಂ, ಏಳಿ" ಅಂದಳು. ಎದ್ದೆ. ಕೂತು ತಾನೇ ಸರಿ ಮಾಡಿದಳು. ಇಡೀ ಕ್ಲಾಸ್ ಬಿದ್ದು ಬಿದ್ದು ನಗ್ತು, ಅವರ ಜತೆ ನಾನೂ ನಕ್ಕೆ.

ಬೀಗ ಹಾಕೋವಾಗ ಲ್ಯಾಬಿನವರ ಹತ್ತಿರ ಹೋಗಿ, "ತಪ್ಪು ನಂದು. ಬಾಯಿಗೆ ಬಂದಂಗೆ ಅಂದುಬಿಟ್ಟೆ, ಬೇಜಾರ್ ಮಾಡ್ಕೋಬೇಡಿ" ಅಂದೆ. "ಬಿಡಿ ಮೇಡಂ, ನೀವು ಕೂಗದೇ ಇದ್ರೆ ಹುಷಾರಿಲ್ವೇನೋ ಅನ್ಸುತ್ತೆ" ಅಂದರು. ಕೀಲಿಯನ್ನ ಎರಡು ಸಲ ತಿರುಗಿಸಿ, ಎಳೆದು ನೋಡಿ, ಆಫೀಸಿಗೆ ಕೊಡೋಕೆ ಹೋದರು.

ಮರುದಿನ ಹತ್ತು ಗಂಟೆಗೆ ಪರೀಕ್ಷಕರು ಬಂದರು. ಗಂಭೀರ ಮನುಷ್ಯ, ಮಾತು ಕಮ್ಮಿ. ಶುರುವಿನ ಫೈಲಿನ ವಿಷಯ ಹೇಳಿ, ತೆರೆದು ತೋರಿಸಿದೆ. ಇಪ್ಪತ್ತೆರಡು ಸಾಲನ್ನೂ ಬೆರಳಿಟ್ಟು ಓದಿದರು. "ಇದರಲ್ಲಿ ಸೂತ್ರ ಏನಾದ್ರೂ ಇದೆಯಾ?" "ಇಲ್ಲ ಸರ್. ಲೆಕ್ಕ ಮಾಡೋಕೆ ಏನೂ ಇಲ್ಲ. ಉತ್ತರ ಹೇಗೆ ಹೇಳ್ಬೇಕು ಅನ್ನೋದು ಅಷ್ಟೇ." ಇನ್ನೊಂದು ಸಲ ಓದಿದರು. "ಸರಿ" ಅಂದರು. ಆಮೇಲೆ ನೋಂದಣಿ ಸಂಖ್ಯೆ ಓದ್ತಾ ಒಬ್ಬೊಬ್ಬರನ್ನ ಕೂರಿಸಿದರು. ಅವಳಿಗೆ ಕಿಟಕಿ ಪಕ್ಕದ ಮ್ಯಾಕ್ ಬಂತು, ಅವಳು ಎಲ್ಲಕ್ಕಿಂತ ಕಮ್ಮಿ ಅಭ್ಯಾಸ ಮಾಡಿದ್ದ ಜಾತಿ. ನಾನು ಉಗುರು ಕಚ್ಚೋಕೆ ಶುರು ಮಾಡಿದೆ. ಅವಳು ಹೆಡ್‌ಫೋನ್ ಹಾಕಿ, ತೆರೆದು, ಒಂದು ಕ್ಷಣ ಕೇಳಿ, ಮುಸಿಮುಸಿ ನಕ್ಕು ಟೈಪ್ ಮಾಡೋಕೆ ಶುರು ಮಾಡಿದಳು.

ಎರಡು ಗಂಟೆ ಆ ಕೈ ನಿಲ್ಲಲಿಲ್ಲ. ಒಂದು ಕಡೆ ತಪ್ಪು ಬಂತು ಅನ್ಸುತ್ತೆ. ಹಣೆ ಗಂಟಿಕ್ಕಿ, ಮತ್ತೆ ಕೇಳಿ, ಹಿಂದೆ ಹೋಗಿ ತಿದ್ದಿದಳು. ತಾನೇ ತಪ್ಪು ಕೇಳಿಸಿಕೊಂಡು ತಾನೇ ತಿದ್ದಿದಳು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳೂ ಅವಳೇ. ಪರೀಕ್ಷಕರು ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಮೌಖಿಕ ಪ್ರಶ್ನೆ ಕೇಳಿದರು. ಐದು ನಿಮಿಷದ ಮೌಖಿಕ ಇಪ್ಪತ್ತು ನಿಮಿಷ ಆಯ್ತು. ಕೊನೆಗೆ ಅವಳೇ ಅವರನ್ನ ಪ್ರಶ್ನೆ ಕೇಳ್ತಿದ್ದಳು.

ಮುಗಿದ ಮೇಲೆ ಎಲ್ಲರೂ ಹಾಜರಿ ಹಾಳೆಗೆ ಸಹಿ ಹಾಕ್ಬೇಕು. ಅವಳ ಸಂಖ್ಯೆಯ ಮುಂದೆ ಆಫೀಸಿನವರು ಮೊದಲೇ ಅಭ್ಯರ್ಥಿ ಸಹಿ ಹಾಕೋ ಖಾನೆಯಲ್ಲಿ "ದೃಷ್ಟಿದೋಷ" ಅಂತ ಬರೆದು, ಪಕ್ಕದಲ್ಲಿ "ಬರಹಗಾರರ ಸಹಿ" ಅಂತ ಇನ್ನೊಂದು ಖಾನೆ ಗೀಚಿದ್ದರು. ಹಳೇ ಪಟ್ಟಿ ನೋಡಿ ಮಾಡಿದ್ದು. ಪರೀಕ್ಷಕರು ಹಾಳೆಯನ್ನ ನನ್ನ ಕಡೆ ತಿರುಗಿಸಿ, "ಇಲ್ಲಿ ಯಾರು ಸಹಿ ಹಾಕ್ತಾರೆ ಮೇಡಂ? ಖಾಲಿ ಬಿಟ್ರೆ ವಿಶ್ವವಿದ್ಯಾಲಯದವರು ಒಪ್ಪಲ್ಲ" ಅಂದರು.

ನಾನು ಬಾಯಿ ತೆರೆಯೋಕೆ ಮುಂಚೆ ಅವಳು ಕೈ ಚಾಚಿದಳು. "ಎಲ್ಲಿ, ಬೆರಳು ಇಟ್ಟು ತೋರಿಸಿ ಮೇಡಂ."

ಅವಳ ತೋರುಬೆರಳು ಹಿಡಿದು ಆ ಖಾನೆಯ ಮೇಲಿಟ್ಟೆ. ಅವಳು ಬೆರಳಿನ ಪಕ್ಕ ಪೆನ್ನಿಟ್ಟು ತನ್ನ ಪೂರ್ತಿ ಹೆಸರು ಬರೆದಳು, ಸಹಿಗೆ ಅಂತಲೇ ಕಲಿತಿದ್ದ ದೊಡ್ಡ ದೊಡ್ಡ ಕನ್ನಡ ಅಕ್ಷರದಲ್ಲಿ. ಖಾನೆ ಸಾಕಾಗದೆ ಅದು ಕೆಳಗಿನ ಇಬ್ಬರ ಜಾಗಕ್ಕೂ ಇಳೀತು. ನಾನು ಅತ್ತುಬಿಟ್ಟೆ, ಎಲ್ಲರ ಮುಂದೆ, ಸದ್ದು ಮಾಡಿಕೊಂಡೇ ಅತ್ತೆ. ಪರೀಕ್ಷಕರು ಹಾಳೆಯನ್ನ ಸ್ವಲ್ಪ ಹೊತ್ತು ನೋಡಿ, ಆ ಇಬ್ಬರಿಗೆ ಅಂಚಿನಲ್ಲಿ ಸಹಿ ಹಾಕೋಕೆ ಹೇಳಿ, ಲಕೋಟೆಗೆ ಹಾಕಿ ಸೀಲ್ ಮಾಡಿದರು.